ಪುಟ್ಟನ ಫಿಟ್ಸ್ ವಿಷಯವಾಗಿ ತಂಗಿಗೆ

ಡಬ್ಲಿನ್, ಜೂನ್ 18

ಪ್ರೀತಿಯ ತಂಗಿ,

ಪುಟ್ಟನ ಡಿಸ್ಚಾರ್ಜ್ ಕಾರ್ಡಿನ ಫೋಟೋ ಎರಡು ಸಲ ಓದಿದೆ. ಹುಟ್ಟಿದ ಎರಡನೇ ದಿನ ಫಿಟ್ಸ್, ರಕ್ತದ ಸಕ್ಕರೆ ಬರೀ 22, ತೀರಾ ಕಡಿಮೆ. ಹಾಲು ಸರಿಯಾಗಿ ಎಳೆಯದ ಮಗುವಿಗೆ ಹೀಗಾಗುವುದುಂಟು. ಮುಂದೆ ಏನಾಗುತ್ತದೆ ಅಂತ ಕೇಳಿದ್ದಿ. ಫಿಟ್ಸ್ ಎಷ್ಟು ಸಲ ಬಂತು ಎನ್ನುವುದಕ್ಕಿಂತ ಯಾಕೆ ಬಂತು, ಮಿದುಳಿಗೆ ಪೆಟ್ಟಾಗಿದೆಯಾ ಎನ್ನುವುದೇ ಹೆಚ್ಚು ಮುಖ್ಯ. ಕ್ಯಾಲ್ಸಿಯಂ ಇಳಿದು ಬಂದದ್ದು ಹೆಚ್ಚಾಗಿ ಏನೂ ಉಳಿಸದೆ ಹೋಗುತ್ತದೆ. ಹೆರಿಗೆಯಲ್ಲಿ ಉಸಿರು ಕಟ್ಟಿದ್ದು, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಹಾಗಲ್ಲ. ಸಕ್ಕರೆ ಇಳಿದು ಬಂದದ್ದಾದರೆ, ಅದು ಎಷ್ಟು ಹೊತ್ತು ಕೆಳಗಿತ್ತು ಎನ್ನುವುದರ ಮೇಲೆ ಹೋಗುತ್ತದೆ. ಅದರ ಪೆಟ್ಟು ಹೆಚ್ಚಾಗಿ ಮಿದುಳಿನ ಹಿಂಭಾಗಕ್ಕೆ, ಅಂದರೆ ದೃಷ್ಟಿಯ ಜಾಗಕ್ಕೆ. ಎಂಆರ್‌ಐ ರಿಪೋರ್ಟಿನಲ್ಲಿ ‘ಆಕ್ಸಿಪಿಟಲ್’ ಅಂತ ಉಂಟಾ ನೋಡು. ಇದ್ದರೆ ಕಣ್ಣಿನ ಪರೀಕ್ಷೆ ತಪ್ಪಿಸಬೇಡ.

ಫಿಟ್ಸ್ ತಡೆಯುವ ಫೀನೋಬಾರ್ಬಿಟೋನ್ ಸಿರಪ್ ಚಮಚದಲ್ಲಿ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲೇ ಹಾಕು. ಹೆಚ್ಚು ತಪ್ಪಾಗುವುದು ಮಿಲಿಗ್ರಾಮನ್ನು ಮಿಲಿ (ಮಿಲಿಲೀಟರ್) ಅಂತ ಓದಿದಾಗ. ಬಾಟಲಿಯಲ್ಲಿ 5 ಮಿಲಿಗೆ 20 ಮಿಗ್ರಾಂ ಅಂತಿದ್ದರೆ, ಕಾರ್ಡಿನ 12 ಮಿಗ್ರಾಂ ಅಂದರೆ 3 ಮಿಲಿ. ಬೇರೆ ಕಂಪನಿಯ ಬಾಟಲಿ ತಂದರೆ ಮತ್ತೆ ಲೆಕ್ಕ ಹಾಕಿಸು. ನೀನಾಗಿ ನಿಲ್ಲಿಸಬೇಡ. ಆದರೆ ಡಾಕ್ಟರ ಹತ್ತಿರ ಕೇಳು: ‘ಎಷ್ಟು ದಿನ?’ ಇಂಥ ತಾತ್ಕಾಲಿಕ ಕಾರಣದ ಫಿಟ್ಸ್ ನಿಂತ ಮೇಲೆ ಮನೆಗೆ ಕಳುಹಿಸುವ ಮೊದಲೇ ಔಷಧಿ ನಿಲ್ಲಿಸಬಹುದು ಅಂತ ಐಎಲ್‌ಎಇ ಎಂಬ ಜಾಗತಿಕ ಎಪಿಲೆಪ್ಸಿ ಸಂಸ್ಥೆ 2023ರಲ್ಲಿ ಹೇಳಿದೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೈ ನಡುಗಿದ್ದೆಲ್ಲ ಫಿಟ್ಸ್ ಅಲ್ಲ ಮಾರಾಯ್ತಿ. ನಡುಗುವ ಕೈಯನ್ನು ಮೆಲ್ಲ ಹಿಡಿ. ನಿಂತರೆ ಹೆಚ್ಚಾಗಿ ಬರೀ ನಡುಕ. ಹಿಡಿದರೂ ಒಂದೇ ತಾಳದಲ್ಲಿ ಎಳೆಯುತ್ತಿದ್ದರೆ, ಕಣ್ಣು ಒಂದೇ ಕಡೆ ನಿಂತರೆ, ಮೈ ನೀಲಿಯಾದರೆ ಫಿಟ್ಸ್ ಅಂತಲೇ ಎಣಿಸಿ ಹೊರಡು. ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ಹಾಕಬೇಡ, ಹೊತ್ತು ನೋಡಿಕೋ, ಭಾವನಿಗೆ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳು, 108ಕ್ಕೆ ಫೋನ್ ಮಾಡು.

ನನಗೆ ನಿಜವಾದ ಹೆದರಿಕೆ ಇದಕ್ಕಿಂತ ಮುಂದಿನದ್ದು. ಅಷ್ಟಮಿ ಹೊತ್ತಿಗೆ ಪುಟ್ಟನಿಗೆ ಮೂರು ತಿಂಗಳು ತುಂಬುತ್ತದೆ. ಅಲ್ಲಿಂದ ವರ್ಷದವರೆಗೆ ನಿದ್ದೆಯಿಂದ ಎದ್ದ ಕೂಡಲೇ ಗಮನಿಸು: ತಲೆ ಪಟ್ಟನೆ ಮುಂದಕ್ಕೆ ಬಾಗಿ, ಎರಡೂ ಕೈ ಅಗಲ ಚಾಚಿ, ಒಂದೆರಡು ಸೆಕೆಂಡಿನಲ್ಲಿ ಮುಗಿದು, ಸ್ವಲ್ಪ ಬಿಟ್ಟು ಮತ್ತೆ, ಮತ್ತೆ. ಹತ್ತಿಪ್ಪತ್ತು ಸಲ ಸಾಲಾಗಿ ಬರಬಹುದು. ಮನೆಯವರು ಬೆಚ್ಚಿಬಿದ್ದದ್ದು, ಹೊಟ್ಟೆನೋವು ಅಂತ ವಾರಗಟ್ಟಲೆ ಬಿಡುತ್ತಾರೆ. ಇದಕ್ಕೆ ಇನ್‌ಫೆಂಟೈಲ್ ಸ್ಪಾಸಂ ಅಂತ ಹೆಸರು; ಸಕ್ಕರೆ ಇಳಿದ ಮಕ್ಕಳಲ್ಲಿ ಬರುವುದುಂಟು. ತಡವಾದಷ್ಟೂ ಕಲಿತದ್ದು ಹಿಂದೆ ಹೋಗುತ್ತದೆ. ಮಳೆ ಬಿಡಲಿ, ಅಷ್ಟಮಿ ಮರುದಿನದ ವಿಟ್ಲಪಿಂಡಿ ಮುಗಿಯಲಿ ಅಂತ ಕಾಯದೆ ಅದೇ ದಿನ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸು.

ಉಳಿದದ್ದು ಸುಲಭ. ಎರಡು ತಿಂಗಳಿಗೆ ಮುಖ ನೋಡಿ ನಗಬೇಕು, ನಾಲ್ಕಕ್ಕೆ ಕುತ್ತಿಗೆ ನಿಲ್ಲಬೇಕು, ಒಂಬತ್ತಕ್ಕೆ ಆಧಾರವಿಲ್ಲದೆ ಕೂರಬೇಕು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿದರೆ ಜಾಣತನ ಅಂತ ಹಿಗ್ಗಬೇಡಿ, ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು, ತೋರಿಸಿ.

ಅಮ್ಮ ಬಾಲಗ್ರಹ ಅಂತ ನೂಲು ಕಟ್ಟಿಸಿದರೆ ಜಗಳ ಬೇಡ, ಸೊಂಟಕ್ಕೆ ಕಟ್ಟಲಿ, ಕುತ್ತಿಗೆಗೆ ಬೇಡ. ಆದರೆ ಬಜೆ ತೇದು ನೆಕ್ಕಿಸುವುದೂ ಬೇಡ, ಜೇನೂ ಖಂಡಿತ ಬೇಡ. ಮುಂದಿನ ಚೆಕಪ್‌ನಲ್ಲಿ ತಲೆಯ ಸುತ್ತಳತೆ ಅಳೆಸಿ ನನಗೆ ಬರೆದು ಕಳುಹಿಸು.

ಇತಿ,
ನಿನ್ನ ಅಕ್ಕ