ಕಾಡಲ್ಲಿ ನೂರು ಕಿಲೋಮೀಟರ್ ಓಡಿಸೋರು ಮೊದಲು ಇದಕ್ಕೆ ಉತ್ತರ ಕೊಡಲಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಮಲೆನಾಡಿನ ಈ ಕಡೆ ಒಂದಷ್ಟು ಹುಡುಗರು ನೂರು ಕಿಲೋಮೀಟರ್ ಕಾಡು ಓಟ ಮಾಡಿಸ್ತೀವಿ ಅಂತ ಪಂಚಾಯ್ತಿ, ರೇಂಜ್ ಆಫೀಸು, ಎಸ್ಟೇಟ್ ಮಾಲೀಕರ ಮನೆ ಅಂತ ಓಡಾಡ್ತಾ ಇದ್ದಾರೆ. ಒಳ್ಳೆ ಹುಡುಗರೇ, ಓಟದ ಹುಚ್ಚು ನಿಜವಾಗ್ಲೂ ಹಿಡಿದಿರೋರು, ದುಡ್ಡು ಹೊಡಿಯೋಕೆ ಬಂದೋರ ಥರ ಕಾಣಲ್ಲ. ಆದ್ರೆ ಅವರ ಕರಪತ್ರದಲ್ಲಿ 'ಭಾರತದ ಬಾರ್ಕ್ಲಿ' ಅಂತ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ದಾರೀಲಿ ಸಹಾಯ ಇರಲ್ಲ, ಗುರುತು ಕಮ್ಮಿ, ಧೈರ್ಯ ಇದ್ರೆ ಬನ್ನಿ ಅಂತ ಬರೆದಿದಾರೆ. ಅದನ್ನ ಓದಿದ್ಮೇಲೆ ಈ ಪತ್ರ ಬರೀಲೇಬೇಕು ಅನ್ನಿಸ್ತು. ನಾನು ಓಟಗಾರ ಅಲ್ಲ, ಇಂಥ ಓಟಗಳಲ್ಲಿ ನೀರು, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ ಕೊಡೋ ಟೇಬಲ್ ಹಿಂದೆ ರಾತ್ರಿಯೆಲ್ಲಾ ಕೂರೋ ಪೈಕಿ.

ಬಾರ್ಕ್ಲಿ ಅಂದ್ರೆ ಅಮೆರಿಕದ ಟೆನೆಸ್ಸೀಲಿ ಫ್ರೋಜನ್ ಹೆಡ್ ಅನ್ನೋ ಕಾಡಲ್ಲಿ 1986ರಿಂದ ನಡೀತಿರೋ ಓಟ. ಅದು ಹುಟ್ಟಿದ ಕತೆನೇ ಮಜಾ ಇದೆ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಕೊಂದ ಜೇಮ್ಸ್ ಅರ್ಲ್ ರೇ 1977ರಲ್ಲಿ ಅಲ್ಲಿನ ಜೈಲಿಂದ ತಪ್ಪಿಸಿಕೊಂಡು ಎರಡು ದಿನಕ್ಕಿಂತ ಹೆಚ್ಚು ಕಾಡಲ್ಲಿ ಒದ್ದಾಡಿದ್ರೂ ಕೆಲವೇ ಮೈಲಿ ದೂರದಲ್ಲಿ ಸಿಕ್ಕಿಬಿದ್ದ, ಅದನ್ನ ಕೇಳಿ ಗ್ಯಾರಿ ಕ್ಯಾಂಟ್ರೆಲ್ ಅನ್ನೋರು, ಎಲ್ಲರೂ ಲ್ಯಾಜರಸ್ ಲೇಕ್ ಅಂತ ಕರೀತಾರೆ, ಅಷ್ಟು ಹೊತ್ತಲ್ಲಿ ನಾನಾದ್ರೆ ನೂರು ಮೈಲಿ ಹೋಗ್ತಿದ್ದೆ ಅಂತ ನಕ್ಕು ಈ ಓಟ ಶುರು ಮಾಡಿದ್ರು. ಐದು ಸುತ್ತು, ಒಂದೊಂದು ಸುತ್ತು 20 ಮೈಲಿ ಮೇಲೆ, ಒಟ್ಟು 60 ಗಂಟೆ ಟೈಮು. ಜಿಪಿಎಸ್ ಇಟ್ಕೊಳ್ಳಂಗಿಲ್ಲ, ಕಾಡಲ್ಲಿ ಬಚ್ಚಿಟ್ಟಿರೋ ಪುಸ್ತಕಗಳಿಂದ ತಮ್ಮ ನಂಬರಿನ ಹಾಳೆ ಹರ್ಕೊಂಡು ಬರ್ಬೇಕು. ಎಂಟ್ರಿ ಫೀಸು 1.60 ಡಾಲರ್. ಶಂಖ ಊದಿದ್ರೆ ಇನ್ನೊಂದು ಗಂಟೇಲಿ ಓಟ ಅಂತ ಅರ್ಥ, ಸಿಗರೇಟ್ ಹಚ್ಚಿದ್ರೆ ಓಟ ಶುರು. 2024ರ ತನಕ ಪೂರ್ತಿ ಮುಗಿಸಿದೋರು ಬರೀ 20 ಜನ. ಆ ವರ್ಷ ಬ್ರಿಟನ್ನಿನ ಜ್ಯಾಸ್ಮಿನ್ ಪ್ಯಾರಿಸ್ 59 ಗಂಟೆ 58 ನಿಮಿಷ 21 ಸೆಕೆಂಡಿಗೆ ಮುಗಿಸಿ ಮೊದಲ ಹೆಂಗಸು ಅನ್ನಿಸಿಕೊಂಡ್ರು. 2025ರಲ್ಲಿ ಒಬ್ಬರೂ ಮುಗಿಸಲಿಲ್ಲ.

ನಮ್ಮ ಹುಡುಗರಿಗೆ ಕಂಡಿರೋದು ಈ ಶಂಖ ಸಿಗರೇಟು. ಅಲ್ಲಿ ಓಡೋದು ವರ್ಷಕ್ಕೆ ಸುಮಾರು 40 ಜನ ಅನ್ನೋದು ಕಂಡಿಲ್ಲ. ಪ್ರತಿ ಸುತ್ತು ಮುಗಿದಾಗ ಅದೇ ಹಳದಿ ಗೇಟಿಗೆ ವಾಪಸ್ ಬರ್ಬೇಕು, ಅಲ್ಲಿ ಟೆಂಟು, ಊಟ, ಸ್ನೇಹಿತರು ಎಲ್ಲಾ ಇರ್ತಾರೆ, ಕೈಲಾಗಲ್ಲ ಅಂದೋನು ಅಲ್ಲೇ ನಿಲ್ಲಬಹುದು, ಅವನಿಗೆ ಬ್ಯೂಗಲ್ ಊದಿ ಕಳಿಸ್ತಾರೆ. ಯಾರು ಬರಬೇಕು ಅನ್ನೋದನ್ನ ಅರ್ಜಿ ನೋಡಿ ಅವರೇ ಆರಿಸ್ತಾರೆ. ಅಂದ್ರೆ ನೋಡೋಕೆ ಬೇಕಾಬಿಟ್ಟಿ, ಒಳಗೆ ಲೆಕ್ಕಾಚಾರ ಪಕ್ಕಾ. ಇಲ್ಲಿ ಕರಪತ್ರ ನೋಡಿದ್ರೆ 300 ಜನಕ್ಕೆ ಜಾಗ ಇದೆ, ಸುತ್ತೂ ಅಲ್ಲ, ಒಂದು ಕಡೆ ಹೊರಟು ಇನ್ನೊಂದು ಕಡೆ ಮುಗಿಯೋ ಉದ್ದನೆ ದಾರಿ. 300 ಜನನ ಉದ್ದಕ್ಕೆ ಕಾಡಲ್ಲಿ ಚೆಲ್ಲಿಬಿಟ್ಟು ಸಹಾಯ ಇರಲ್ಲ ಅನ್ನೋದು ಬಾರ್ಕ್ಲಿ ಅಲ್ಲ, ಅದು ಬೇರೆ ಏನೋ.

ಅದು ಏನು ಅಂತ ಚೀನಾದಲ್ಲಿ ಒಂದ್ಸಲ ಆಗಿ ಹೋಗಿದೆ. 2021ರ ಮೇ 22, ಗಾನ್ಸು ಪ್ರಾಂತ್ಯದ ಜಿಂಗ್‌ಟಾಯ್ ಅನ್ನೋ ಕಡೆ, ಹಳದಿ ನದಿ ದಂಡೆ ಮೇಲಿನ ಕಲ್ಲುಗಳ ಬೆಟ್ಟದಲ್ಲಿ ನೂರು ಕಿಲೋಮೀಟರ್ ಓಟ, 172 ಜನ. ಅದು ಮೊದಲನೇ ಸಲದ ಓಟಾನೂ ಅಲ್ಲ, ನಾಲ್ಕನೇದು, ಹಿಂದಿನ ಮೂರೂ ಸಲ ಏನೂ ಆಗಿರಲಿಲ್ಲ, ಅದೇ ಧೈರ್ಯ ಅವರಿಗೆ. ಹಿಂದಿನ ದಿನ ಹವಾಮಾನದವರು ಗಾಳಿ ಎಚ್ಚರಿಕೆ ಕೊಟ್ಟಿದ್ರು. ಬೆಳಿಗ್ಗೆ ಹೊರಟೋರು ಎರಡನೇ ಚೆಕ್ ಪಾಯಿಂಟ್ ದಾಟಿ ಮೂರನೇದಕ್ಕೆ ಹೋಗೋ ಏರಲ್ಲಿದ್ದಾಗ, ಸುಮಾರು ಎಂಟು ಕಿಲೋಮೀಟರಲ್ಲಿ ಸಾವಿರ ಮೀಟರ್ ಹತ್ತಿರ ಏರು ಅದು, ಗಾಳಿ ಮಳೆ ಆಲಿಕಲ್ಲು ಒಟ್ಟಿಗೆ ಬಡೀತು. ಮೈಮೇಲೆ ಇದ್ದಿದ್ದು ಚಡ್ಡಿ, ತೆಳ್ಳನೆ ಬನಿಯನ್ನು. ಗಾಳಿ ತಡಿಯೋ ಜಾಕೆಟ್ಟು ಕಡ್ಡಾಯ ಸಾಮಾನಿನ ಪಟ್ಟೀಲಿ ಇರಲೇ ಇಲ್ಲ, ಇದ್ರೆ ಒಳ್ಳೇದು ಅಂತ ಮಾತ್ರ ಇತ್ತು. ಆ ಏರಿಗೆ ಗಾಡಿ ಹೋಗಲ್ಲ, ಮೇಲಿನ ಚೆಕ್ ಪಾಯಿಂಟಲ್ಲಿ ತಿನ್ನೋಕೆ ಕುಡಿಯೋಕೆ ಇಲ್ಲ, ನಿಲ್ಲೋಕೆ ಜಾಗಾನೂ ಇಲ್ಲ. ಸತ್ತೋರು 21 ಜನ, ಅದರಲ್ಲಿ ಚೀನಾದ ದೊಡ್ಡ ಓಟಗಾರ ಲಿಯಾಂಗ್ ಜಿಂಗ್ ಕೂಡ. ಹಾಗಾಗಿ 'ಫಿಟ್ ಇದ್ದೋರಿಗೆ ಏನಾಗಲ್ಲ ಸಾರ್' ಅನ್ನೋ ಮಾತು ನನ್ನ ಹತ್ರ ನಡಿಯಲ್ಲ. ಓಡುವಾಗ ಮೈ ತಾನೇ ಬಿಸಿ ಹುಟ್ಟಿಸತ್ತೆ, ಸುಸ್ತಾಗಿ ನಡಿಗೆಗೆ ಇಳಿದ್ರೆ ಆ ಬಿಸಿ ನಿಂತುಹೋಗತ್ತೆ, ಬಟ್ಟೆ ಒದ್ದೆ, ಮೇಲೆ ಗಾಳಿ, ಅಲ್ಲಿಂದ ಕೈ ಮರಗಟ್ಟಿ ಜಿಪ್ ಎಳೆಯೋಕೂ ಆಗಲ್ಲ. ಜೋರಾಗಿ ಓಡಿ ಮುಂದೆ ಹೋದೋರೇ ಆ ಏರಲ್ಲಿ ಜಾಸ್ತಿ ಸಿಕ್ಕಿಹಾಕಿಕೊಂಡಿದ್ದು.

ಅವತ್ತು ಆರು ಜನನ ಉಳಿಸಿದ್ದು ಕಮಿಟಿ ಅಲ್ಲ, ಡ್ರೋನ್ ಅಲ್ಲ, ಝು ಕೆಮಿಂಗ್ ಅನ್ನೋ ಒಬ್ಬ ಕುರಿ ಕಾಯೋನು. ಮಳೆ ಬಂತು ಅಂತ ತಾನು ಸೇರಿಕೊಂಡಿದ್ದ ಗುಹೆಗೆ ಅವರನ್ನ ಕರ್ಕೊಂಡೋಗಿ ಬೆಂಕಿ ಹಾಕಿ ಕಂಬಳಿ ಹೊದಿಸಿದ. ಆ ಬೆಟ್ಟದಲ್ಲಿ ಎಲ್ಲಿ ನಿಲ್ಲಬಹುದು ಅಂತ ಗೊತ್ತಿದ್ದೋನು ಅವನು, ಅವನು ಓಟದ ಪ್ಲಾನಲ್ಲಿ ಎಲ್ಲೂ ಇರಲಿಲ್ಲ, ಅಲ್ಲಿ ಸಿಕ್ಕಿದ್ದು ಅದೃಷ್ಟ. ಆಮೇಲೆ ಚೀನಾದಲ್ಲಿ ಇಂಥ ಓಟಗಳನ್ನೇ ಕೆಲಕಾಲ ನಿಲ್ಲಿಸಿಬಿಟ್ರು, ಅಧಿಕಾರಿಗಳ ಮೇಲೂ ಕ್ರಮ ಆಯ್ತು.

ನಾನು ಹೇಳೋದು ಇಷ್ಟೇ. ಓಟ ಕಷ್ಟ ಇರಲಿ, ಬೇಡ ಅಂದೋರು ಯಾರು, ಆದ್ರೆ ಆ ಕಷ್ಟ ಗುಡ್ಡದಿಂದ, ದೂರದಿಂದ, ನಿದ್ದೆಗೇಡಿಂದ ಬರಬೇಕು, ಮಾಡಿಸೋರ ಸೋಮಾರಿತನದಿಂದ ಬರಬಾರದು. ಕೈಲಾಗದೋನನ್ನ ಕಾಡಿಂದ ಹೊರಗೆ ತರೋ ವ್ಯವಸ್ಥೆ ಮೊದಲು, ಟೀ ಶರ್ಟು ಮೆಡಲು ಆಮೇಲೆ. ಹುಡುಗರ ಹತ್ರ ರೂಟ್ ಮ್ಯಾಪ್ ಚೆನ್ನಾಗಿದೆ, ಏರು ಎಷ್ಟು ಇಳಿಜಾರು ಎಷ್ಟು ಅಂತ ಗ್ರಾಫ್ ಇದೆ. 60ನೇ ಕಿಲೋಮೀಟರಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬನ ಕಾಲು ಉಳುಕಿದ್ರೆ ಅವನನ್ನ ಯಾವ ದಾರೀಲಿ ಯಾವ ಗಾಡೀಲಿ ಯಾರು ತರ್ತಾರೆ ಅಂತ ಕೇಳಿದ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಅಲ್ಲಿ ಆಂಬುಲೆನ್ಸ್ ಹೋಗಲ್ಲ ಸ್ವಾಮಿ, ಪಿಕಪ್ ಜೀಪು ಹೋದ್ರೆ ಪುಣ್ಯ, ಮೊಬೈಲಿಗೆ ಸಿಗ್ನಲ್ ಇಲ್ಲ. ಹ್ಯಾಮ್ ರೇಡಿಯೊ ಹವ್ಯಾಸಿಗಳು ಇದ್ದಾರಲ್ಲ, ಅವರನ್ನ ಕರೀರಿ ಅಂದೆ, ಅದು ಹಳೇ ಕಾಲದ್ದು ಅಂತ ನಕ್ರು. ಹಳೇದೋ ಹೊಸದೋ, ಗುಡ್ಡದ ಆ ಕಡೆಯಿಂದ ಮಾತು ಕೇಳಿಸಿದ್ರೆ ಆಯ್ತಲ್ಲ.

ಟೇಬಲ್ ಹಿಂದೆ ಕೂತೋರಿಗೆ ಗೊತ್ತು, ಎಲ್ಲಕ್ಕಿಂತ ಮುಖ್ಯ ಒಂದು ನೋಟ್‌ಬುಕ್ಕು. ಯಾವ ನಂಬರಿನೋನು ಎಷ್ಟೊತ್ತಿಗೆ ಬಂದ, ಎಷ್ಟೊತ್ತಿಗೆ ಹೋದ, ಬಿಟ್ಟೋನು ಯಾರು. ಬಿಟ್ಟೋನು ಹೇಳದೆ ಯಾರದೋ ಬೈಕ್ ಹತ್ತಿ ಲಾಡ್ಜಿಗೆ ಹೋಗಿ ಮಲಗಿರ್ತಾನೆ, ಇಲ್ಲಿ ಹತ್ತು ಜನ ಬ್ಯಾಟರಿ ಹಿಡ್ಕೊಂಡು ಹಳ್ಳದಲ್ಲಿ ಅವನನ್ನ ಹುಡುಕ್ತಿರ್ತಾರೆ. ಆಮೇಲೆ ಕಟ್ ಆಫ್, ಅಂದ್ರೆ ಇಷ್ಟೊತ್ತೊಳಗೆ ಬರದೋನನ್ನ ಮುಂದೆ ಬಿಡಲ್ಲ ಅನ್ನೋ ಗಡುವು. ಟೈಮ್ ಮೀರಿ ಬಂದೋನು ಕೈ ಮುಗೀತಾನೆ, ಅಣ್ಣ ಬಿಟ್ಬಿಡಿ ಇನ್ನೊಂದು ಗಂಟೇಲಿ ಹೊಡೀತೀನಿ ಅಂತಾನೆ, ಕಣ್ಣು ನೆಟ್ಟಗೆ ನಿಲ್ತಿರಲ್ಲ. ಅವನಿಗೆ ಇಲ್ಲ ಅನ್ನೋ ಅಧಿಕಾರ ಟೇಬಲ್ ಹತ್ರ ಇರೋನಿಗೆ ಇರಬೇಕು, ಮೇಲಿನೋರಿಗೆ ಫೋನ್ ಮಾಡಿ ಕೇಳೋ ಹಾಗಿದ್ರೆ ಕಟ್ ಆಫ್ ಇಟ್ಟೂ ದಂಡ. ಎಲ್ಲರಿಗಿಂತ ಹಿಂದೆ ಗುರುತಿನ ರಿಬ್ಬನ್ ಬಿಚ್ಕೊಂಡು ಬರೋ ಇಬ್ಬರು ಸ್ವೀಪರ್‌ಗಳು ಬೇಕೇ ಬೇಕು. ಕುಡಿಯೋಕೆ ಬರೀ ನೀರು ಇಡ್ಬೇಡಿ, ಉಪ್ಪು ಇಡಿ, ಗಂಜಿ ಉಪ್ಪಿನಕಾಯಿ ಇಡಿ. ಬೆವರಲ್ಲಿ ಉಪ್ಪು ಹೋಗಿ ಬರೀ ನೀರೇ ಲೀಟರ್‌ಗಟ್ಲೆ ಕುಡಿದ್ರೆ ತಲೆ ತಿರುಗಿ ಬುದ್ಧಿನೇ ಮಂಕಾಗತ್ತೆ, ಪ್ರಾಣಕ್ಕೂ ಅಪಾಯ.

ಯಾವಾಗ ಮಾಡ್ಬೇಕು ಅನ್ನೋದು ಇನ್ನೊಂದು ತಲೆನೋವು. ಕರಪತ್ರದಲ್ಲಿ ಫೆಬ್ರವರಿ ಅಂತಿದೆ, ತಂಪು ಹವಾ ಅಂತ. ಬೆಂಗಳೂರಲ್ಲಿ ಕೂತೋರಿಗೆ ಹಾಗನ್ನಿಸಬಹುದು. ಜೂನಿಂದ ಸೆಪ್ಟೆಂಬರ್ ಮಳೆ, ಉಂಬಳ, ಕಾಲುಸಂಕ ಕೊಚ್ಚಿಹೋಗಿರತ್ತೆ, ಅದು ಬಿಡಿ. ಡಿಸೆಂಬರಿಂದ ಮೇ ತನಕ ಮಂಗನ ಕಾಯಿಲೆ ಕಾಲ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು, ಉಣುಗು ಕಚ್ಚಿ ಬರೋದು. ನಮ್ಮೋರು ದರಕು, ಅಂದ್ರೆ ಉದುರಿದ ಒಣ ಎಲೆ, ತರೋಕೆ ಹೋಗ್ಬೇಕಾದ್ರೂ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಹಚ್ಕೊಂಡು ಹೋಗ್ತಾರೆ, ಇವರು 300 ಜನನ ಚಡ್ಡೀಲಿ ದರಕಿನ ಮೇಲೆ ಓಡಿಸ್ತಾರಂತೆ. ಫೆಬ್ರವರಿ ಆದ್ಮೇಲೆ ಹುಲ್ಲುಗಾವಲು ಒಣಗಿ ಬೆಂಕಿ ಭಯ ಬೇರೆ. 2018ರ ಮಾರ್ಚಲ್ಲಿ ತಮಿಳುನಾಡಿನ ತೇಣಿ ಜಿಲ್ಲೆ ಕುರಂಗಣಿ ಗುಡ್ಡದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕಿಂತ ಹೆಚ್ಚು ಚಾರಣಿಗರು ಸತ್ರು, ಮರೆಯೋ ಹಾಗಿಲ್ಲ. ಉಳಿಯೋದು ಮಳೆ ಹಿಂದಾದ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ಭಾಗ, ಅಷ್ಟೇ.

ರಾತ್ರಿ ಆನೆ ವಿಷಯ ಹೇಳಲೇಬೇಕು. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಸಂಜೆ ಆದ್ಮೇಲೆ ತೋಟದ ಕೂಲಿಯೋರೇ ಒಬ್ಬೊಬ್ಬರೇ ನಡಿಯಲ್ಲ, ಎಲ್ಲಿ ಆನೆ ಇದೆ ಅಂತ ಇಲಾಖೆ ಮೆಸೇಜು ಬರತ್ತೆ, ನೋಡ್ಕೊಂಡೇ ಮನೆಯಿಂದ ಹೊರಡೋದು. ನೂರು ಕಿಲೋಮೀಟರಿಗೆ ಹೆಚ್ಚಿನೋರಿಗೆ ಒಂದು ರಾತ್ರಿ ಬೇಕೇ ಬೇಕು, ಹಣೆಗೆ ಲೈಟ್ ಕಟ್ಕೊಂಡು ಕಿವೀಲಿ ಹಾಡು ಹಾಕ್ಕೊಂಡು ಒಬ್ಬನೇ ಬರೋನಿಗೆ ಬಿದಿರು ಮುರಿಯೋ ಸದ್ದು ಕೇಳಿಸತ್ತಾ? ಹಗಲು ಗುಡ್ಡ ಕಾಡು ಓಡ್ಲಿ, ಕತ್ತಲಾದ ಮೇಲೆ ಊರಿಗೆ ಹತ್ತಿರ ಇರೋ ಎಸ್ಟೇಟ್ ರಸ್ತೇಲಿ ಸುತ್ತು ಹಾಕಿಸ್ಲಿ. ಸುತ್ತು ಅಂದ್ರೆ ಮರ್ಯಾದೆ ಕಮ್ಮಿ ಅನ್ಕೋಬೇಡಿ, ಅವರು ಆರಾಧಿಸೋ ಬಾರ್ಕ್ಲೀನೂ ಸುತ್ತೇ.

ಅರಣ್ಯ ಇಲಾಖೆಯೋರಿಗೂ ಒಂದು ಮಾತು. 2024ರ ಜನವರೀಲಿ ಕುಮಾರ ಪರ್ವತಕ್ಕೆ ಜಾತ್ರೆ ಹಾಗೆ ಜನ ಹತ್ತಿದ್ಮೇಲೆ ಎಚ್ಚೆತ್ತು ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಅಂತ ತಂದ್ರಿ, ಒಳ್ಳೇದಾಯ್ತು. ಓಟಕ್ಕೂ ಹಾಗೇ ಆಗ್ಬೇಕು, ಫೀಸ್ ಕಟ್ಟಿಸ್ಕೊಂಡು ಸೀಲ್ ಹೊಡೆದು ಕೊಟ್ರೆ ಸಾಲದು. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ಅನ್ನೋ ನೂರು ಮೈಲಿ ಓಟ ಇಂಥ ಓಟಗಳಿಗೆಲ್ಲ ಹಿರಿಯಣ್ಣ ಇದ್ದ ಹಾಗೆ, 1974ರಲ್ಲಿ ಗಾರ್ಡಿ ಐನ್ಸ್‌ಲೀ ಅನ್ನೋರು ಕುದುರೆ ರೇಸಿನ ದಾರೀನ ಕಾಲಲ್ಲೇ ಓಡಿ 24 ಗಂಟೆ ಒಳಗೆ ಮುಗಿಸಿದ್ರಿಂದ ಶುರುವಾಗಿದ್ದು. ದಾರಿ ಒಂದು ಸಂರಕ್ಷಿತ ಕಾಡು ದಾಟತ್ತೆ ಅಂತ ಓಡೋರ ಸಂಖ್ಯೆ ನಾನೂರು ದಾಟೋ ಹಾಗಿಲ್ಲ, ಎಷ್ಟು ಸಾವಿರ ಜನ ಅರ್ಜಿ ಹಾಕಿದ್ರೂ ಲಾಟರಿನೇ. ಓಡ್ಬೇಕು ಅಂದ್ರೆ ಎಂಟು ಗಂಟೆ ಸೇವೆ ಮಾಡಿರಬೇಕು, ದಾರಿ ಸರಿ ಮಾಡೋದೋ, ಇನ್ನೊಂದು ಓಟದಲ್ಲಿ ನೀರು ಕೊಡೋದೋ. 2008ರಲ್ಲಿ ಕಾಡ್ಗಿಚ್ಚು ಅಂತ ಓಟಾನೇ ರದ್ದು ಮಾಡಿದ್ರು. ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ನಡಿಯೋ ಯುಟಿಎಂಬಿ ಅನ್ನೋ ದೊಡ್ಡ ಓಟಾನೂ 2010ರಲ್ಲಿ ಮಳೆಗಾಳಿಗೆ ನಡುವೆ ನಿಲ್ಲಿಸಿದ್ರು, 2012ರಲ್ಲಿ ದಾರಿ ಮೊಟಕು ಮಾಡಿದ್ರು. ಅಲ್ಲಿ ಮಳೆ ಜಾಕೆಟ್, ಎರಡು ಟಾರ್ಚು, ಸೀಟಿ ಎಲ್ಲಾ ಕಡ್ಡಾಯ, ಬ್ಯಾಗ್ ಬಿಚ್ಚಿ ನೋಡ್ತಾರೆ. ನಮ್ಮಲ್ಲೂ ಓಡೋಕೆ ಬರೋ ಪ್ರತಿಯೊಬ್ಬನೂ ಒಂದು ದಿನ ಬಂದು ಗಾರ್ಡು ವಾಚರ್‌ಗಳ ಜೊತೆ ಫೈರ್ ಲೈನ್, ಅಂದ್ರೆ ಬೆಂಕಿ ಹರಡದ ಹಾಗೆ ಹುಲ್ಲು ಎಲೆ ತೆಗೆದ ಪಟ್ಟಿ, ಮಾಡೋ ಕೆಲಸ ಮಾಡಲಿ ಅಂತ ಪರ್ಮಿಷನ್ನಲ್ಲೇ ಬರೀರಿ, ಯಾರು ಬರ್ತಾರೆ ಯಾರು ಉಳೀತಾರೆ ನೋಡಣ.

ಊರೋರನ್ನ ಬರೀ ಅಡುಗೆಗೆ, ಗೇಟ್ ತೆಗೆಯೋಕೆ ಇಟ್ಕೋಬೇಡಿ. ದನ ಮೇಯಿಸೋರು, ಜೇನು ತೆಗೆಯೋರು, ವಾಚರ್‌ಗಳು, ಇವರಿಗೆ ಯಾವ ಹಳ್ಳ ಎಷ್ಟೊತ್ತಿಗೆ ಉಕ್ಕತ್ತೆ, ಯಾವ ಬಂಡೆ ಕೆಳಗೆ ನಾಲ್ಕು ಜನ ಕೂರಬಹುದು ಅಂತ ಗೊತ್ತು. ಅವರಿಗೆ ದಿನಗೂಲಿ ಮೇಲೆ ಸ್ವಲ್ಪ ಜಾಸ್ತಿನೇ ಕೊಟ್ಟು ಪ್ರತಿ ಚೆಕ್ ಪಾಯಿಂಟಲ್ಲೂ ಕೂರಿಸಿ, ಮೈಕಲ್ಲಿ ಧನ್ಯವಾದ ಹೇಳಿ ಶಾಲು ಹೊದಿಸೋದು ಬೇಡ. ದಾರಿ ಬದಲಾಯಿಸಿ ಅಂತ ಅವರು ಹೇಳಿದ್ರೆ ಬದಲಾಯಿಸಿ.

ರೂಟು, ಚೆಕ್ ಪಾಯಿಂಟು, ಒಂದೊಂದರಲ್ಲೂ ಯಾರಿರ್ತಾರೆ, ಅಲ್ಲಿಗೆ ಯಾವ ಗಾಡಿ ಬರತ್ತೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಎಷ್ಟು ಮಳೆ ಬಂದ್ರೆ ಓಟ ನಿಲ್ಲಿಸ್ತೀರಿ, ನಿಲ್ಲಿಸು ಅನ್ನೋದು ಯಾರು, ಇಷ್ಟನ್ನ ಕನ್ನಡದಲ್ಲಿ ಬರೆದು ಓಟಕ್ಕೆ ಒಂದು ತಿಂಗಳು ಮುಂಚೆ ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಅಂಟಿಸಿದ್ರೆ ನಮ್ಮ ತೋಟದ ರಸ್ತೆ ಬಿಡೋಕೆ ನಾನು ತಯಾರು, ರಾತ್ರಿ ಟೇಬಲ್ ಹಿಂದೆ ಕೂರೋಕೂ ಬರ್ತೀನಿ. ನವೆಂಬರ್ ಹದಿನೈದರ ಮೇಲೆ ಮಾತ್ರ ಬೇಡ, ಅರೇಬಿಕಾ ಹಣ್ಣು ಕುಯ್ಲು ಶುರುವಾಗಿರತ್ತೆ, ಕಣದ ತುಂಬಾ ಕಾಫಿ ಹರಡಿರ್ತೀವಿ.

ಇಂತಿ,
ಮಲೆನಾಡಿನ ಒಬ್ಬ ಓದುಗ