ಎಳೆತ ಬಂದು ಹೋಗುವ ಡೀಸೆಲ್ ಕಾರಿಗೆ ಟರ್ಬೊ ಬದಲಿಸುವುದೇ ಮದ್ದಲ್ಲ

ಮಾನ್ಯರೇ,

ಹಳೆಯ ಡೀಸೆಲ್ ಕಾರು ಒಮ್ಮೆ ಚೆನ್ನಾಗಿ ಎಳೆಯುತ್ತದೆ, ಇನ್ನೊಮ್ಮೆ ಏರುದಾರಿಯಲ್ಲಿ ಕೈಕೊಡುತ್ತದೆ, ಏನು ಮಾಡಲಿ ಎಂಬ ಓದುಗರೊಬ್ಬರ ಪ್ರಶ್ನೆಗೆ ನಿಮ್ಮ ವಾಹನ ಅಂಕಣದಲ್ಲಿ ಬಂದ ಉತ್ತರ ಒಂದೇ ಸಾಲಿನದು: ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಬದಲಿಸಿ. ಡೀಸೆಲ್ ಎಂಜಿನ್ ದುರಸ್ತಿಯ ಕೆಲಸದಲ್ಲಿರುವ ನಮಗೆ ಇದು ತೀರಾ ಅವಸರದ ಸಲಹೆ ಅನ್ನಿಸಿತು. ಸವೆದ ಟರ್ಬೊ ದಿನಕ್ಕೊಂದು ಬಗೆಯಲ್ಲಿ ನಡೆದುಕೊಳ್ಳುವುದಿಲ್ಲ. ಬಂದು ಹೋಗುವ ದೋಷದ ಹಿಂದೆ ಇರುವುದು ಸಾಮಾನ್ಯವಾಗಿ ಒಮ್ಮೊಮ್ಮೆ ಅಂಟಿಕೊಳ್ಳುವ ಭಾಗ, ಒತ್ತಡ ಬಿದ್ದಾಗ ಮಾತ್ರ ಬಾಯಿಬಿಡುವ ಬಿರುಕು, ಸಡಿಲಗೊಂಡ ಕನೆಕ್ಟರ್, ಇಲ್ಲವೇ ಜೋರಾಗಿ ಓಡಿಸಿದಾಗ ಮಾತ್ರ ಸಾಲದಾಗುವ ಡೀಸೆಲ್ ಪೂರೈಕೆ.

ಹೋದ ಎಳೆತ ಹೇಗೆ ಮರಳಿತು ಎಂಬುದನ್ನು ಮೊದಲು ಕೇಳಬೇಕು. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ ಕೂಡಲೇ ಸರಿಹೋದರೆ ಅದು ಲಿಂಪ್ ಮೋಡ್: ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಯಾವುದೋ ಅಳತೆ ಮಿತಿ ಮೀರಿದ್ದನ್ನು ಕಂಡು, ಎಂಜಿನ್ ಕಾಪಾಡಲು ತಾನೇ ಶಕ್ತಿ ತಗ್ಗಿಸಿದೆ. ಅನೇಕ ಕಾರುಗಳಲ್ಲಿ ಆಗ ಎಂಜಿನ್ ಸುಮಾರು 3000 ಆರ್‌ಪಿಎಂ ದಾಟುವುದಿಲ್ಲ. ಕೀ ಮುಟ್ಟದೆ, ಕಾಲು ಸಡಿಲಿಸಿ ಕೆಲ ನಿಮಿಷ ನಿಧಾನವಾಗಿ ಓಡಿಸಿದಾಗ ಮರಳಿದರೆ ಅನುಮಾನ ಡೀಸೆಲ್ ಪೂರೈಕೆಯ ಮೇಲೆ. ಎಂಜಿನ್ ರೇಸ್ ಆಗುತ್ತದೆ ಆದರೆ ವೇಗ ಏರುವುದಿಲ್ಲ ಎಂದರೆ ಅದು ಕ್ಲಚ್ ಸ್ಲಿಪ್. ಎಂಜಿನ್‌ಗೆ ಕೈ ಹಾಕುವುದೇ ಬೇಡ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇವೆರಡನ್ನೂ ನೋಡದೆ ಪಂಪ್ ಬಿಚ್ಚುವವರು ಕಡಿಮೆಯೇನಿಲ್ಲ.

ಹೊಗೆಯೂ ಸಾಕ್ಷಿ ಹೇಳುತ್ತದೆ. ಎಳೆತ ಇಲ್ಲದಾಗ ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಸಿಗುತ್ತಿದೆ, ಗಾಳಿ ಸಾಲುತ್ತಿಲ್ಲ: ಗಾಳಿಯ ಪೈಪ್ ಸೀಳಿರಬಹುದು ಅಥವಾ ಸುಟ್ಟ ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ನಿಂತಿರಬಹುದು. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಎಂದರೆ ಡೀಸೆಲ್ ಸಾಲುತ್ತಿಲ್ಲ, ಇಲ್ಲವೇ ಕಂಪ್ಯೂಟರೇ ಕಡಿಮೆ ಮಾಡಿದೆ.

ಸ್ಕ್ಯಾನರ್ ಹಾಕಿದವರು ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಿ ತಕ್ಷಣ ಅಳಿಸಿಬಿಡುತ್ತಾರೆ. ಅದರ ಜತೆಗೇ ಉಳಿದಿರುವ ಫ್ರೀಜ್ ಫ್ರೇಮ್ ಮಾಹಿತಿಯನ್ನು, ಅಂದರೆ ದೋಷ ಕಂಡ ಕ್ಷಣದ ಆರ್‌ಪಿಎಂ, ಲೋಡ್, ಶಾಖಗಳನ್ನು, ಮೊದಲು ಬರೆದಿಟ್ಟುಕೊಳ್ಳಬೇಕು. ಪಿ0299 ಎಂದರೆ ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿಯ ಒತ್ತಡ) ಕಡಿಮೆ, ಪಿ0234 ಎಂದರೆ ಬೂಸ್ಟ್ ಅತಿಯಾಗಿದೆ, ಪಿ0087 ಎಂದರೆ ರೈಲ್ ಒತ್ತಡ (ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ) ಸಾಲದು. ಯಾವ ಕೋಡೂ ಇಂಥ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಕಾರನ್ನು ಖಾಲಿ ರಸ್ತೆಗೆ ಒಯ್ದು, 3ನೇ ಅಥವಾ 4ನೇ ಗೇರ್‌ನಲ್ಲಿ 1500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ, ಕಂಪ್ಯೂಟರ್ ಕೇಳಿದ ಬೂಸ್ಟ್ ಎಷ್ಟು ಸಿಕ್ಕಿದ್ದೆಷ್ಟು, ಕೇಳಿದ ರೈಲ್ ಒತ್ತಡ ಎಷ್ಟು ಸಿಕ್ಕಿದ್ದೆಷ್ಟು ಎಂದು ರೆಕಾರ್ಡ್ ಮಾಡಬೇಕು. ಸ್ಕ್ಯಾನರ್ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಈ ಎರಡು ಜೋಡಿಗಳಲ್ಲಿ ಯಾವುದು ಮೊದಲು ತಪ್ಪುತ್ತದೋ ದೋಷ ಆ ಕಡೆ ಇದೆ.

ಬೂಸ್ಟ್ ತಪ್ಪಿದರೆ ಮೊದಲು ಸೆನ್ಸರ್ ನಂಬಬಹುದೇ ನೋಡಿ. ಎಂಜಿನ್ ನಿಂತಿದ್ದು ಕೀ ಆನ್ ಇದ್ದಾಗ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಸುಮಾರು 100 ಕಿಲೊಪ್ಯಾಸ್ಕಲ್, ಎತ್ತರದ ಊರುಗಳಲ್ಲಿ ಅದಕ್ಕಿಂತ ಕಡಿಮೆ. ಅದು ಸರಿಯಿದ್ದರೆ ಟರ್ಬೊ ಕಳಿಸಿದ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರ್ ಪೈಪ್‌ಗಳನ್ನು ಬಿಚ್ಚಿ, ಒಳಮೈ ಒರೆಸಿ, ಬಗ್ಗಿಸಿ ನೋಡಬೇಕು. ತಣ್ಣಗಿರುವಾಗ ಮುಚ್ಚಿಕೊಂಡಿರುವ ಸೀಳು ಬೂಸ್ಟ್ ಬಂದಾಗಷ್ಟೇ ತೆರೆದುಕೊಳ್ಳುತ್ತದೆ. ಹೊರಗೆ ಅಂಟಿದ ಎಣ್ಣೆಯ ಕಲೆಯೇ ಅದರ ಗುರುತು. ಪೈಪ್‌ನೊಳಗೆ ತೆಳುವಾಗಿ ಎಣ್ಣೆ ಸವರಿದಂತಿದ್ದರೆ ಅದು ಸಹಜ, ಅಷ್ಟಕ್ಕೇ ಟರ್ಬೊ ಹೋಯಿತು ಎನ್ನಬಾರದು.

ವ್ಯಾಕ್ಯೂಮ್‌ನಿಂದ ನಡೆಯುವ ವಿಜಿಟಿ ಟರ್ಬೊ (ಒಳಗಿನ ವೇನ್ ಎಂಬ ಪುಟ್ಟ ರೆಕ್ಕೆಗಳ ಕೋನ ಬದಲಿಸಿ ಬೂಸ್ಟ್ ಹೊಂದಿಸುವ ಟರ್ಬೊ) ಇರುವ ಕಾರುಗಳಲ್ಲಿ ಅತಿ ಹೆಚ್ಚು ಮೋಸಮಾಡುವುದು ಪೆನ್ಸಿಲ್ ದಪ್ಪದ ರಬ್ಬರ್ ಹೋಸ್‌ಗಳು. ಬಿಸಿಗೆ ಒಣಗಿ ತುದಿಯಲ್ಲಿ ಬಿರಿದಿರುತ್ತವೆ, ಇಲ್ಲವೇ ಬ್ರ್ಯಾಕೆಟ್‌ಗೆ ಉಜ್ಜಿ ತೂತಾಗಿರುತ್ತವೆ. ವ್ಯಾಕ್ಯೂಮ್ ಪಂಪ್‌ಗೆ ಗೇಜ್ ಹಾಕಿದರೆ ಐಡಲ್‌ನಲ್ಲಿ ಕೆಲವೇ ಸೆಕೆಂಡುಗಳಲ್ಲಿ 0.8ರಿಂದ 0.9 ಬಾರ್ ವ್ಯಾಕ್ಯೂಮ್ ಬರಬೇಕು. ಇಂಥ ಬಹುಪಾಲು ಎಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡಿದಾಗ ಟರ್ಬೊ ಪಕ್ಕದ ಸರಳು ಎಳೆದುಕೊಳ್ಳುತ್ತದೆ, ನಿಲ್ಲಿಸಿದಾಗ ಹಿಂದಕ್ಕೆ ಬರುತ್ತದೆ. ಕೈ ವ್ಯಾಕ್ಯೂಮ್ ಪಂಪ್‌ನಿಂದ ಎಳೆದಾಗ ಸರಳು ನಡುವೆ ತಡೆಯದೆ ಸಲೀಸಾಗಿ ಓಡಬೇಕು, ಒಂದು ನಿಮಿಷವಾದರೂ ಅಲ್ಲೇ ನಿಲ್ಲಬೇಕು. ತಾನಾಗಿ ಜಾರಿದರೆ ಸರಳನ್ನು ಎಳೆಯುವ ರಬ್ಬರ್ ಪರದೆ (ಡಯಾಫ್ರಮ್) ಹರಿದಿದೆ. ತಡೆತಡೆದು ಓಡಿದರೆ ಟರ್ಬೊ ಒಳಗಿನ ವೇನ್‌ಗಳಿಗೆ ಮಸಿ ಹತ್ತಿದೆ. ಉದ್ದನೆಯ ಏರಿನಲ್ಲೋ ಓವರ್‌ಟೇಕ್ ಮಾಡುವಾಗಲೋ ಪಿ0234 ಬಂದು ಲಿಂಪ್ ಮೋಡ್‌ಗೆ ಹೋಗುವ ಕಾರುಗಳಲ್ಲಿ ಬಹುಮಟ್ಟಿಗೆ ಇದೇ ಕತೆ. ಸದಾ ಕಡಿಮೆ ಆರ್‌ಪಿಎಂನಲ್ಲಿ ಓಡಿದ ಎಂಜಿನ್‌ಗಳಿಗೆ ಇದು ಬೇಗ ಬರುತ್ತದೆ. ಇಂಥ ಟರ್ಬೊವನ್ನು ಬಿಚ್ಚಿ ಸ್ವಚ್ಛಗೊಳಿಸಿದರೆ ಸಾಕಾಗಬಹುದು. ವೇನ್‌ಗಳ ಸ್ಟಾಪ್ ಸ್ಕ್ರೂ ತಿರುಗಿಸಿ ‘ಸರಿಮಾಡುವುದು’ ಮಾತ್ರ ಬೇಡ, ಆ ಅಳತೆ ಮತ್ತೆ ಸಿಗುವುದಿಲ್ಲ. ಸರಳು ಸರಿಯಿದ್ದೂ ಬೂಸ್ಟ್ ತಪ್ಪುತ್ತಿದ್ದರೆ ಬೂಸ್ಟ್ ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್‌ನಿಂದ ತೆರೆದು ಮುಚ್ಚುವ) ವಾಲ್ವ್ ಮತ್ತು ಅದರ ಪುಟ್ಟ ಗಾಳಿ ಫಿಲ್ಟರ್ ನೋಡಿ. ಟರ್ಬೊದ ಶಾಫ್ಟ್ ಅಲ್ಲಾಡಿ ಅದರೊಳಗಿನ ಚಕ್ರದ ಅಂಚು ಗೂಡಿಗೆ ತಾಗುತ್ತಿದ್ದರೆ ಮಾತ್ರ ಹೊಸ ಟರ್ಬೊ ಮಾತು.

ಡೀಸೆಲ್ ಕಡೆಯ ತಪಾಸಣೆ ಫಿಲ್ಟರ್‌ನಿಂದ ಶುರುವಾಗಲಿ. ಹಳೆಯ ಫಿಲ್ಟರ್‌ನೊಳಗಿನ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ನೀರು ತಳಕ್ಕಿಳಿಯುತ್ತದೆ. ಕಪ್ಪು ಲೋಳೆ ಕಂಡರೆ ಟ್ಯಾಂಕ್‌ನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ, ಟ್ಯಾಂಕ್ ತೊಳೆಯದೆ ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ. ಲೋಹದ ಮಿನುಗು ಕಂಡರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ: ಹೈ ಪ್ರೆಷರ್ ಪಂಪ್ ಒಳಗೇ ಸವೆದು ಆ ಪುಡಿ ಇಂಜೆಕ್ಟರ್‌ಗಳತ್ತ ಹೋಗುತ್ತಿದೆ.

ಟ್ಯಾಂಕ್‌ನೊಳಗೆ ಪಂಪ್ ಇಲ್ಲದ ಕಾರುಗಳಲ್ಲಿ ಡೀಸೆಲ್ಲನ್ನು ಎಂಜಿನ್ ಕಡೆಯಿಂದಲೇ ಹೀರಬೇಕು. ಆ ದಾರಿಯಲ್ಲಿ ಸಣ್ಣ ಸಂದು ಇದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿದೆ ಎಂದು ಲೀಕ್ ಇಲ್ಲ ಎನ್ನುವಂತಿಲ್ಲ. ಪಂಪ್‌ನ ಒಳಬರುವ ಪೈಪ್‌ಗೆ ಒಂದು ಗೇಣು ಪಾರದರ್ಶಕ ಟ್ಯೂಬ್ ಸೇರಿಸಿ ರೇಸ್ ಕೊಟ್ಟು ನೋಡಿ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಫಿಲ್ಟರ್ ಮುಚ್ಚಳದ ಓ-ರಿಂಗ್, ಕೈಪಂಪ್, ಪ್ಲಾಸ್ಟಿಕ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಬದಲಿಸಬೇಕು. ಗುಳ್ಳೆಯಿಲ್ಲದೆ ಟ್ಯೂಬ್ ಒಳಕ್ಕೆ ಕುಸಿದರೆ ಹಿಂದೆ ಎಲ್ಲೋ ಕಟ್ಟಿಕೊಂಡಿದೆ: ಫಿಲ್ಟರ್, ಟ್ಯಾಂಕ್‌ನ ಜಾಲರಿ, ಜಜ್ಜಿದ ಪೈಪ್. ಎಳೆತ ಹೋದಾಗ ಟ್ಯಾಂಕ್ ಮುಚ್ಚಳ ತೆಗೆದರೆ ಜೋರಾಗಿ ಗಾಳಿ ಒಳಗೆ ನುಗ್ಗಿ ಕಾರು ಸರಿಹೋದರೆ, ಟ್ಯಾಂಕ್‌ನ ಉಸಿರುನಾಳ ಕಟ್ಟಿದೆ. ಖರ್ಚೇ ಇಲ್ಲದ ಪರೀಕ್ಷೆ, ಆದರೂ ಯಾರೂ ಮಾಡುವುದಿಲ್ಲ.

ಪೂರೈಕೆ ಸರಿಯಿದ್ದೂ ರೈಲ್ ಒತ್ತಡ ಬೀಳುತ್ತಿದ್ದರೆ ಇಂಜೆಕ್ಟರ್ ರಿಟರ್ನ್ (ಬಳಕೆಯಾಗದೆ ಟ್ಯಾಂಕ್‌ಗೆ ಮರಳುವ ಡೀಸೆಲ್) ಪರೀಕ್ಷೆ ಮಾಡಬೇಕು. 1997ರಲ್ಲಿ ಕಾರುಗಳಿಗೆ ಬಂದ ಮೊದಲ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ) ವ್ಯವಸ್ಥೆಗಳ ಗರಿಷ್ಠ ಒತ್ತಡವೇ 1350 ಬಾರ್. ಐಡಲ್‌ನಲ್ಲಿ ಸಾಮಾನ್ಯವಾಗಿ 250ರಿಂದ 350. ಪ್ರತಿ ಇಂಜೆಕ್ಟರ್‌ನ ರಿಟರ್ನ್‌ಗೆ ಒಂದೊಂದು ಬಾಟಲಿ ಕಟ್ಟಿ, ಬಿಸಿಯಾದ ಎಂಜಿನ್ನನ್ನು ಕೆಲ ನಿಮಿಷ ಓಡಿಸಿ. ಒಂದರಲ್ಲಿ ಮಾತ್ರ ಉಳಿದವುಗಳ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಎಲ್ಲವೂ ಸಮ, ಕಡಿಮೆ ಇದ್ದರೆ ಪಂಪ್ ಮೇಲಿನ ಅಳತೆ ವಾಲ್ವ್, ರೈಲ್‌ನ ಪ್ರೆಷರ್ ವಾಲ್ವ್, ಕೊನೆಗೆ ಪಂಪ್.

ವಿದ್ಯುತ್ ದೋಷಗಳಲ್ಲಿ ಮೂರನ್ನಾದರೂ ನೋಡಲೇಬೇಕು. ಆಕ್ಸಿಲರೇಟರ್ ಪೆಡಲ್‌ನ ಸೆನ್ಸರ್‌ನಲ್ಲಿ ಎರಡು ಸಿಗ್ನಲ್ ಇರುತ್ತವೆ, ಅನೇಕ ಕಾರುಗಳಲ್ಲಿ ಒಂದು ಇನ್ನೊಂದರ ಅರ್ಧ. ನಿಧಾನವಾಗಿ ಒತ್ತುವಾಗ ಯಾವುದಾದರೂ ಜಿಗಿದರೆ ಪೆಡಲ್ ಬದಲಿಸಬೇಕು. ಬ್ರೇಕ್ ಸ್ವಿಚ್ ಕೆಟ್ಟು, ಬ್ರೇಕ್ ಒತ್ತಿದೆ ಎಂದು ಕಂಪ್ಯೂಟರ್ ತಿಳಿದರೆ ಕೆಲವು ಕಾರುಗಳಲ್ಲಿ ಎಳೆತ ತಾನೇ ಕಡಿತವಾಗುತ್ತದೆ. ಎಂಜಿನ್ ತಿರುಗುವ ವೇಗ ಅಳೆಯುವ ಕ್ರ್ಯಾಂಕ್ ಸೆನ್ಸರ್ ಅನೇಕ ಸಲ ಬಿಸಿಯಾದಾಗ ಮಾತ್ರ ಸೋಲುತ್ತದೆ. ಕಾರು ಓಡುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬೀಳುವುದು ಅದರ ಲಕ್ಷಣ.

ಕಂಪ್ಯೂಟರೇ ಇಲ್ಲದ, ಇನ್ನೂ ಹಳೆಯ ಮೆಕ್ಯಾನಿಕಲ್ ಪಂಪ್ ಕಾರುಗಳಲ್ಲಿ ಫಿಲ್ಟರ್ ಮತ್ತು ಡೀಸೆಲ್ ದಾರಿಗೆ ಗಾಳಿ ಸೇರುವುದರ ಜತೆಗೆ ಆಕ್ಸಿಲರೇಟರ್ ಕೇಬಲ್ ಪೂರ್ತಿ ಎಳೆಯುತ್ತದೆಯೇ, ಪಂಪ್‌ನ ಸ್ಟಾಪ್ ಸೊಲೆನಾಯ್ಡ್ ವೈರ್ ಗಟ್ಟಿಯಿದೆಯೇ ಎಂದು ನೋಡಿದರೆ ಬಹುತೇಕ ಮುಗಿಯಿತು.

ಅಂಕಣದಲ್ಲಿ ಮುಂದೆ ಈ ವಿಷಯ ಬಂದಾಗ ಒಂದು ಎಚ್ಚರಿಕೆಯನ್ನಂತೂ ದಯವಿಟ್ಟು ಮುದ್ರಿಸಿ. ಮೆಕ್ಯಾನಿಕಲ್ ಪಂಪ್ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ನಟ್ ಸಡಿಲಿಸಿ ನೋಡುವ ಹಳೆಯ ರೂಢಿಯನ್ನು ಕಾಮನ್ ರೈಲ್ ಕಾರಿನ ಮೇಲೆ ಪ್ರಯೋಗಿಸಲೇಬಾರದು. ಆ ಒತ್ತಡದ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೊಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ, ನೋವಿಲ್ಲದಿದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಿ ಡೀಸೆಲ್ ಹೊಕ್ಕಿದೆ ಎಂದು ಸ್ಪಷ್ಟವಾಗಿ ತಿಳಿಸಬೇಕು. ತಡವಾದರೆ ಬೆರಳನ್ನೇ ತೆಗೆಯಬೇಕಾಗಬಹುದು.

– ಡೀಸೆಲ್ ಎಂಜಿನ್ ದುರಸ್ತಿ ವೃತ್ತಿಯ ಕೆಲವರು