ದಿನಗೂಲಿ ಶಿಕ್ಷಕರ ನೆಮ್ಮದಿಯೂ ಮುಖ್ಯ

ಮಾನ್ಯರೆ,

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ದಿನಗೂಲಿಯ ಮೇಲೆ ದುಡಿಯುವ ಶಿಕ್ಷಕರ ವೃತ್ತಿತೃಪ್ತಿಯ ಕುರಿತು ಸಂಬಂಧಪಟ್ಟವರು ಗಂಭೀರವಾಗಿ ಯೋಚಿಸಬೇಕಾಗಿದೆ. ಪಾಠ ಮಾಡುವುದನ್ನು ಮನಸಾರೆ ಪ್ರೀತಿಸುವ ನನ್ನ ಪತ್ನಿ ಮಾರ್ಚ್ ಬಂತೆಂದರೆ ನಿದ್ದೆಯಿಲ್ಲದೆ ಹೊರಳಾಡುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಬಳವಿಲ್ಲ, ಜೂನ್ ಹೊತ್ತಿಗೆ ಅಂಚು ಸವೆದ ಅದೇ ಪ್ರಮಾಣಪತ್ರಗಳ ಕಡತ ಹಿಡಿದು ಮತ್ತೆ ಸಂದರ್ಶನದ ಸಾಲಿನಲ್ಲಿ ನಿಲ್ಲಬೇಕು. ಕೆಲಸದ ದೀರ್ಘಕಾಲದ ಒತ್ತಡದಿಂದ ಉಂಟಾಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ವೃತ್ತಿಸಂಬಂಧಿ ವಿದ್ಯಮಾನವೆಂದು ಗುರುತಿಸಿದೆ. ಅಂಥ ಬಳಲಿಕೆ ಮನೆಯವರನ್ನೂ ತರಗತಿಯ ಮಕ್ಕಳನ್ನೂ ತಟ್ಟದೆ ಬಿಡದು. ಆದ್ದರಿಂದ ಖಾಲಿ ಹುದ್ದೆಗಳಿಗೆ ಕನ್ನಡ ಬಲ್ಲವರನ್ನು ಬೇಗನೆ ಕಾಯಂ ಆಗಿ ನೇಮಿಸಬೇಕು. ಅದುವರೆಗೆ ಈಗಿರುವವರನ್ನೇ ಮುಂದುವರಿಸುವ ಆದೇಶವನ್ನು ಶಾಲೆ ಮುಚ್ಚುವ ಮೊದಲೇ ಹೊರಡಿಸಲಿ.

– ಓರ್ವ ಓದುಗ, ಬದಿಯಡ್ಕ